ಎಡ ಹೊಳ್ಳೆಯ ಎಂಟು ದಿನ

ಶನಿವಾರ ಪೇಟೆ, ಪುಣೆ
ಸಂಕ್ರಾಂತಿಯ ಮರುದಿನ, ಬುಧವಾರ, ೧೯೪೭

ಎರಡು ಜೀವದ ನನ್ನ ಇಂದೂಗೆ, ಎರಡೂ ಕೈಯಲ್ಲಿ ನಿನ್ನ ಗಲ್ಲ ಹಿಡಿದು ಅಜ್ಜಿ ಮಾಡುವ ಆಶೀರ್ವಾದ.

ನಿನ್ನ ಕಾಗದ ಮೊನ್ನೆ ಬಂತು. ಸರಿಯಾಗಿ ಕುಸುರೆಳ್ಳಿನ ಅಗಲ ಪರಾತ ಶೇಗಡಿಯ ಕೆಂಡದ ಮೇಲಿತ್ತು. ನಿನಗೆ ಗೊತ್ತಲ್ಲ, ಎಳ್ಳಿನ ಮೇಲೆ ಪಾಕದ ಹನಿ ಬಿಟ್ಟು ಬೆರಳಾಡಿಸುತ್ತ ಕೂತವಳು ಮನೆಗೆ ಬೆಂಕಿ ಬಿದ್ದರೂ ಏಳುವ ಹಾಗಿಲ್ಲ, ಎದ್ದರೆ ಎಳ್ಳಿಗೆ ಸಕ್ಕರೆಯ ಮುಳ್ಳು ಏಳುವುದಿಲ್ಲ. ಹಾಗಾಗಿ ನಿಮ್ಮವ್ವ ಭಾಮಾ ಕಾಗದವನ್ನು ನನ್ನ ಕಣ್ಣೆದುರು ಹಿಡಿದು ನಿಂತಳು, ನಾನು ಓದಿದೆ. ತಾನೇ ಓದಿ ಹೇಳುತ್ತೇನೆ ಅಂದಳು, ನಾನು ಕೊಡಲಿಲ್ಲ. ಮೂವತ್ತು ವರ್ಷಕ್ಕೆ ಅಕ್ಷರ ಕಲಿತವಳಿಗೆ, ಅದೂ ಕಿರಾಣಿ ಪುಡಿಕೆಯ ಕಾಗದ ಬಿಡಿಸಿ ಬಿಡಿಸಿ ಕಲಿತವಳಿಗೆ, ಮೊಮ್ಮಗಳ ಕಾಗದವನ್ನು ಬೇರೆಯವರ ಬಾಯಲ್ಲಿ ಕೇಳುವ ಮನಸ್ಸು ಬರುತ್ತದೆಯೇ?

ಕೂಸು ಒದೆಯಲಿಕ್ಕೆ ಹತ್ತಿದೆ ಎಂದು ಬರೆದಿದ್ದೀ. ಆ ಸಾಲು ಓದಿ ನಾನು ಎಷ್ಟು ಜೋರಾಗಿ ನಕ್ಕೆನೆಂದರೆ ಅಂಗಳದ ನಲ್ಲಿಯ ಹತ್ತಿರ ನಿಂತಿದ್ದ ಎದುರು ಮಾಳಿಗೆಯ ರಾಧಾಬಾಯಿ "ಕಾಯ್ ಝಾಲಂ ಹೋ?" ಎಂದು ಓಡಿ ಬಂದಳು. ಏನಾಯಿತು ಎಂದು ಹೇಳಿದೆ. ಅವಳೂ ನಕ್ಕಳು. ಮೂವರೂ ನಗುತ್ತಿದ್ದೆವು, ಅಷ್ಟರಲ್ಲಿ ನನ್ನ ಕಣ್ಣು ಕಾಗದದ ತುದಿಗೆ ಹೋಯಿತು. ಜಾಗ ಸಾಲದೆ ಅಂಚಿನಲ್ಲಿ ಸಣ್ಣಗೆ ಬರೆದಿದ್ದೀ: "ಅಜ್ಜಿ, ಮೂಗು ಒಂದು ಕಟ್ಟೇದ. ಇವರು ಕ್ಯಾಂಪಿನಿಂದ ನಿನ್ನ ಪಿಚಕಾರಿಯಂಥಾದ್ದ ಒಂದು ತಂದಾರ. ಇದು ಹೊಸಾ ಔಷಧ, ನಿಂದು ಹಳೇದು. ಇಪ್ಪತ್ತು ದಿನ ಆತು, ತಾಸಿಗೊಮ್ಮೆ ಒತ್ತಿದ್ರ ಆರಾಮ ಇರ್ತದ."

ಪರಾತದ ಮೇಲೆ ನನ್ನ ಬೆರಳು ನಿಂತುಬಿಟ್ಟವು. ಈ ಸಲದ ಕುಸುರೆಳ್ಳಿನಲ್ಲಿ ಅರ್ಧಕ್ಕೆ ಮುಳ್ಳಿಲ್ಲ, ನುಣ್ಣಗಿವೆ. ಕಟ್ಟಿ ಕಳಿಸಿದ್ದೇನೆ, ತಿನ್ನುವಾಗ ಯಾವ ಸಾಲಿಗೆ ಹೀಗಾಯಿತು ಎಂದು ನೆನೆಸಿಕೋ.

ಬೈಯಲಿಕ್ಕೆ ಬರೆಯುತ್ತಿಲ್ಲ ಮಗಳೇ. ನಿನ್ನನ್ನು ಬೈಯುವ ಬಾಯಿ ನನಗೆ ಎಲ್ಲಿದೆ? ಆರು ವರ್ಷದ ಹಿಂದೆ ಇದೇ ಮನೆಯಲ್ಲಿ, ಹದಿಮೂರರ ನೀನು ಸೊಂಟಕ್ಕೆ ಕೈ ಇಟ್ಟು ನನ್ನನ್ನು ಬೈದಿದ್ದೀ. ಅದನ್ನೆಲ್ಲ ಕಣ್ಣಾರೆ ಕಂಡವಳು ಈಗ "ಇದು ಹೊಸಾ ಔಷಧ" ಎನ್ನುತ್ತೀ. ನಾನೂ ಆಗ ಹೀಗೇ ಒಂದು ಮಾತು ಹೇಳುತ್ತಿದ್ದೆ: "ಇದೊಂದ ಸಲ." ಅದಕ್ಕೇ ಆ ಕಥೆಯನ್ನು ಮೊದಲಿಂದ ಬರೆಯುತ್ತೇನೆ. ನೀನು ಕಂಡದ್ದು ಮುಕ್ಕಾಲು. ನಿನಗೆ ಗೊತ್ತಿಲ್ಲದ ಒಂದು ಸಂಗತಿ ಅದರಲ್ಲಿದೆ. ಅದನ್ನು ಇಷ್ಟು ವರ್ಷ ಬಚ್ಚಿಟ್ಟಿದ್ದೆ.

ಆ ವರ್ಷ ದೀಪಾವಳಿಯ ಅಭ್ಯಂಗನ ಮುಗಿಸಿ ಒದ್ದೆ ತಲೆಯಲ್ಲೇ ಚಕ್ಕುಲಿ ಕರಿಯಲಿಕ್ಕೆ ಕೂತೆ. ಸಂಜೆಗೆ ನೆಗಡಿ. ಎರಡು ದಿನಕ್ಕೆ ಮೂಗು ಹೇಗೆ ಕಟ್ಟಿತೆಂದರೆ ಬಾಯಿ ತೆರೆದುಕೊಂಡೇ ಪೂಜೆ ಮಾಡುತ್ತಿದ್ದೆ, ಮಂತ್ರದ ನಡುವೆ ಉಸಿರಿಗೆ ನಿಲ್ಲಬೇಕಾಗುತ್ತಿತ್ತು. ನಿಮ್ಮಜ್ಜ ಆಗಿನ್ನೂ ಖಡಕಿಯ ಕಾರ್ಖಾನೆಯ ದಫ್ತರಿಗೆ ಹೋಗುತ್ತಿದ್ದರು. ಅಲ್ಲಿಯ ಯಾವುದೋ ಸಾಹೇಬನ ಮೇಜಿನ ಮೇಲೆ ಕಂಡರಂತೆ, ಬರುವಾಗ ಔಷಧದ ಅಂಗಡಿಗೆ ಹೋಗಿ ಅಂಥದ್ದೇ ಒಂದು ತಂದರು. ಹೊಟ್ಟೆ ಉಬ್ಬಿದ ಗಾಜಿನ ಬಾಟಲಿ, ಅದಕ್ಕೊಂದು ಸಣ್ಣ ಗಾಜಿನ ಮೂತಿ, ಹಿಂದೆ ಲಿಂಬೆಹಣ್ಣಿನಷ್ಟು ರಬ್ಬರಿನ ಚೆಂಡು, ಚೆಂಡಿಗೆ ರೇಷ್ಮೆಯ ಬಲೆ. ನೋಡಿದರೆ ಗುಲಾಬದಾನಿಯ ಮೊಮ್ಮಗಳು ಅನ್ನಬೇಕು. ಜೊತೆಗೆ ಎಂಟು ಮಡಿಕೆ ಮಡಚಿದ ಒಂದು ಇಂಗ್ಲಿಷ್ ಕಾಗದ. ಪುಡಿಕೆಯ ಕಾಗದವನ್ನೂ ಬಿಡದೆ ಓದುವ ನಾನು ಅದೊಂದನ್ನು ಓದಲಾರದೆ ಕುಂಕುಮದ ಡಬ್ಬಿಯ ತಳಕ್ಕೆ ಹಾಸಿಬಿಟ್ಟೆ. ಕಾಗದ ಚಂದ ಇತ್ತು, ದಪ್ಪ ಇತ್ತು.

"ಹೆಂಗ್ ಒತ್ತೂದ್ರಿ ಇದನ್ನ?" ಎಂದು ಕೇಳಿದೆ. ಅವರಿಗೆ ನಶ್ಯದ ಚಟ ಇತ್ತಲ್ಲ, ಅದೇ ಶಾಸ್ತ್ರ ಹೇಳಿದರು: "ತಲಿ ಹಿಂದಕ್ಕ ಚೆಲ್ಲು, ಒತ್ತು, ಜೋರ್ ಎಳಿ!" ಎಳೆದೆ. ಗಂಟಲಿಗೆಲ್ಲ ಕಹಿ ಇಳಿಯಿತು, ಕಣ್ಣಲ್ಲಿ ನೀರು ಬಂತು. ಆದರೆ ಇಂದೂ, ಅರೆಗಳಿಗೆಯಲ್ಲಿ ಎರಡೂ ಹೊಳ್ಳೆ ತೆರೆದವು ನೋಡು! ಹಬ್ಬದ ದಿನ ದೇವರ ಮನೆಯ ಎರಡೂ ಬಾಗಿಲು ಒಮ್ಮೆಲೆ ತೆರೆದ ಹಾಗೆ. ಮೂರನೇ ಮನೆಯಲ್ಲಿ ಕೊತ್ತಂಬರಿ ಬೀಜ ಹುರಿಯುತ್ತಿದ್ದಾರೆ ಎಂದು ಹೇಳಿದೆ, ನೀನು ಓಡಿ ಹೋಗಿ ನೋಡಿ ಬಂದು ಹೌದು ಅಂದೆ. ಆ ಸಂಜೆ ನಾವಿಬ್ಬರೂ ಅದನ್ನೇ ಆಟ ಮಾಡಿಕೊಂಡಿದ್ದೆವು. ನಾನು ಕಣ್ಣು ಮುಚ್ಚಿ ಕೂಡುವುದು, ನೀನು ಅಡುಗೆಮನೆಯಿಂದ ಒಂದೊಂದೇ ಡಬ್ಬಿ ತಂದು ಮೂಗಿಗೆ ಹಿಡಿಯುವುದು. ಜೀರಿಗೆ, ಇಂಗು, ಲವಂಗ, ನಿನ್ನ ಕಂಪಾಸ ಪೆಟ್ಟಿಗೆ. ಒಂದೂ ತಪ್ಪಲಿಲ್ಲ.

ಮೂರನೇ ದಿನಕ್ಕೆ ನೆಗಡಿ ಇಳಿಯುತ್ತಾ ಬಂದಿತ್ತು. ಅಲ್ಲಿಗೆ ಬಾಟಲಿಯನ್ನು ಕಪಾಟಿಗೆ ಏರಿಸಿದ್ದರೆ ಈ ಕಾಗದವೇ ಇರುತ್ತಿರಲಿಲ್ಲ. ನಾನು ಏರಿಸಲಿಲ್ಲ. ಸುಖ ರುಚಿಸಿತ್ತು.

ಇನ್ನು ನಮ್ಮ ಜಾಣತನದ ಒಂದು ಮಾತು ಹೇಳದಿದ್ದರೆ ಕಥೆ ಅರ್ಧ ಆಗುತ್ತದೆ. ನಮ್ಮ ಮನೆಯ ಎಂಜಲಿನ ಕಟ್ಟು ನಿನಗೆ ಗೊತ್ತು. ತಂಬಿಗೆಗೆ ತುಟಿ ತಾಗಿದರೆ ಹುಣಸೆಹಣ್ಣು ಹಚ್ಚಿ ತೊಳೆಯಬೇಕು. ಒಬ್ಬರು ಕುಡಿದ ಲೋಟದಲ್ಲಿ ಇನ್ನೊಬ್ಬರು ನೀರು ಕುಡಿಯುವ ಹಾಗಿಲ್ಲ. ಊಟದ ಸೌಟು ಎಲೆಗೆ ತಾಗಿದರೆ ಆ ಪಾತ್ರೆಯೇ ಬೇರೆ. ಅಂಥ ಮನೆಯಲ್ಲಿ ಆ ಪಿಚಕಾರಿ ನನ್ನ ಮೂಗಿನಿಂದ ನಿಮ್ಮಜ್ಜನ ಮೂಗಿಗೆ, ಅಲ್ಲಿಂದ ನಿಮ್ಮಪ್ಪನ ಮೂಗಿಗೆ, ಅಲ್ಲಿಂದ ಅಂಗಳ ದಾಟಿ ರಾಧಾಬಾಯಿಯ ಮೂಗಿಗೆ ಹೋಯಿತು, ಯಾರಿಗೂ ಏನೂ ಅನ್ನಿಸಲಿಲ್ಲ! ಎಂಜಲು ಅನ್ನುವುದು ಬಾಯಿಗೆ. ಮೂಗಿನ ಮಾತನ್ನು ಯಾವ ಹಿರಿಯರೂ ಹೇಳಿರಲಿಲ್ಲವಲ್ಲ. "ಅಹೋ ಗೌರಾಬಾಯಿ, ಜರಾ ಪಿಚಕಾರಿ ದ್ಯಾ ನಾ" ಎಂದು ರಾಧಾಬಾಯಿ ದಿನಕ್ಕೆ ನಾಲ್ಕು ಸಲ ಪಿಚಕಾರಿ ಕೇಳಲಿಕ್ಕೆ ಬರುತ್ತಿದ್ದಳು. ನಾನು ಮಡಿಯಲ್ಲಿದ್ದರೆ ದೂರದಿಂದ ನೆಲದ ಮೇಲೆ ಇಡು ಎನ್ನುತ್ತಿದ್ದೆ, ಅವಳು ಇಡುತ್ತಿದ್ದಳು, ನಾನು ನೀರು ಚಿಮುಕಿಸಿ ಎತ್ತಿಕೊಂಡು ಸೀದಾ ಮೂಗಿಗೆ ಏರಿಸುತ್ತಿದ್ದೆ. ಹದಿನೈದು ದಿನದೊಳಗೆ ಅಂಗಳದ ಸುತ್ತಿನ ಇಡೀ ವಾಡೆಗೆ ಒಂದೇ ನೆಗಡಿ. ನಿಮ್ಮಪ್ಪ ಸೀನಿದರೆ ಎದುರು ಮಾಳಿಗೆಯಲ್ಲಿ ರಾಧಾಬಾಯಿಯ ಗಂಡ ಉತ್ತರ ಕೊಡುತ್ತಿದ್ದ.

ಉಳಿದವರೆಲ್ಲ ಒಂದೆರಡು ವಾರಕ್ಕೆ ಬಿಟ್ಟರು, ರಾಧಾಬಾಯಿ ತನ್ನದೇ ಒಂದು ಬಾಟಲಿ ತರಿಸಿ ಗೂಡಿನಲ್ಲಿ ಇಟ್ಟುಕೊಂಡಳು. ಬಿಡದವಳು ನಾನೊಬ್ಬಳೇ. ಮೊದಲು ಬೆಳಿಗ್ಗೆ ಸಂಜೆ ಒತ್ತುತ್ತಿದ್ದೆ. ಆಮೇಲೆ ಊಟಕ್ಕೆ ಮುಂಚೆ, ಊಟ ಆದಮೇಲೆ. ಕಾರ್ತಿಕ ಮುಗಿಯುವ ಹೊತ್ತಿಗೆ ತಾಸಿಗೊಮ್ಮೆ. ನೋಡು, ನಿನ್ನದೇ ಮಾತು. ಒತ್ತಿದರೆ ತೆರೆಯುತ್ತಿತ್ತು, ತೆರೆದದ್ದು ಬೇಗ ಬೇಗ ಮುಚ್ಚುತ್ತಿತ್ತು, ಮುಚ್ಚಿದಾಗ ನೆಗಡಿಯ ದಿನಕ್ಕಿಂತ ಬಿಗಿಯಾಗಿ ಮುಚ್ಚುತ್ತಿತ್ತು. ಎದೆ ಡೊಳ್ಳಿನ ಹಾಗೆ ಬಡಿದುಕೊಳ್ಳುತ್ತಿತ್ತು, ವಯಸ್ಸು ಎಂದುಕೊಂಡೆ. ಬಾಟಲಿಯನ್ನು ಮಡಿ ಸೀರೆಯ ಪೆಟ್ಟಿಗೆಯಲ್ಲಿ ಇಡಲಿಕ್ಕೆ ಸುರುಮಾಡಿದೆ, ಯಾಕೆಂದರೆ ಆ ಪೆಟ್ಟಿಗೆಯನ್ನು ಬೇರೆ ಯಾರೂ ಮುಟ್ಟುವುದಿಲ್ಲ. ಬಚ್ಚಿಡುವ ಬುದ್ಧಿ ಬಂದ ದಿನವೇ ನನಗೆ ತಿಳಿಯಬೇಕಿತ್ತು.

ವಾಸನೆ ಯಾವಾಗ ಹೋಯಿತೋ ಗೊತ್ತೇ ಆಗಲಿಲ್ಲ. ಒಂದು ದಿನ ಸಾರಿನ ಪುಡಿಗೆ ಮೆಂತ್ಯ ಹುರಿಯುತ್ತಿದ್ದೆ. ನಿಮ್ಮಜ್ಜ ಹೊರಗಿನ ಕಟ್ಟೆಯಿಂದ ಕೂಗಿದರು: "ಏನ, ಇವತ್ತ ಊಟಕ್ಕ ಇದ್ದಲಿ ಸಾರೇನು?" ಬಗ್ಗಿ ನೋಡಿದರೆ ಬಾಣಲೆಯಲ್ಲಿ ಮೆಂತ್ಯ ಕರ್ರಗೆ ಸುಟ್ಟಿತ್ತು, ಹೊಗೆ ನನ್ನ ಮುಖಕ್ಕೇ ಬರುತ್ತಿತ್ತು, ನನಗೆ ಏನೂ ಗೊತ್ತಾಗಿರಲಿಲ್ಲ. ನಲವತ್ತು ವರ್ಷ ಮೂಗಿನಿಂದಲೇ ಹದ ನೋಡಿದವಳು ನಾನು. ನಕ್ಕುಬಿಟ್ಟೆ ಅನ್ನು, ಆದರೆ ಎರಡನೇ ಸಲ ಹುರಿಯುವಾಗ ಬಾಣಲೆಯಿಂದ ಕಣ್ಣು ಕೀಳಲಿಲ್ಲ.

ಮಾರ್ಗಶಿರದಲ್ಲಿ ನಿಮ್ಮವ್ವನಿಗೆ ಗಂಡು ಹುಟ್ಟಿತು. ನಮ್ಮ ಬಾಳಕೃಷ್ಣ. ಈಗ ಈ ಕಾಗದದ ಮೇಲೆ ಮಸಿ ಚೆಲ್ಲಲಿಕ್ಕೆ ಹೊಂಚು ಹಾಕುತ್ತಿರುವವನು ಅವನೇ.

ನಮ್ಮ ಮನೆತನದ ಪದ್ಧತಿ ನಿನಗೆ ಈಗ ಬೇಕಾಗುತ್ತದೆ, ಸರಿಯಾಗಿ ಕೇಳು. ಹನ್ನೆರಡನೇ ದಿನ ತೊಟ್ಟಿಲಿಗೆ ಹಾಕುವ ಮುಂಚೆ ಮನೆಯ ಹಿರಿಯ ಹೆಂಗಸು ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅದರ ನೆತ್ತಿ ಮೂಸಬೇಕು. ಮೂಸಿ ಹರಸಬೇಕು. ಅದಾದಮೇಲೆ ಹೆಸರು, ಆಮೇಲೆ ಜೋಗುಳ. ನಿಮ್ಮಪ್ಪ ಹುಟ್ಟಿದಾಗ ಮೂಸಿದ್ದು ನನ್ನ ಅತ್ತೆ. ಹೆತ್ತವಳು ನಾನು, ಕೋಣೆಯ ಬಾಗಿಲಲ್ಲಿ ಕೂತು ನೋಡುತ್ತಿದ್ದೆ. ನೀನು ಹುಟ್ಟಿದಾಗಲೂ ಅವರೇ, ಎಂಬತ್ತು ದಾಟಿದ್ದರು, ಇಬ್ಬರು ಹಿಡಿದು ಕೂಡಿಸಿದ್ದೆವು. ಅವರು ನಿನ್ನ ನೆತ್ತಿಗೆ ಮೂಗು ಇಟ್ಟು ಎಷ್ಟೋ ಹೊತ್ತು ಹಾಗೇ ಇದ್ದರು. ಎದ್ದಮೇಲೆ ನನ್ನ ಕಡೆ ತಿರುಗಿ, "ಗೌರಾ, ಮುಂದಿನದು ನಿಂದು. ಮೂಗು ಮುಟ್ಟಿಸಿ ಏಳಬ್ಯಾಡ. ವಾಸನಿ ಒಳಗ ತಗೋಬೇಕು, ಆಗ ಹರಕಿ ಹೊರಗ ಬರ್ತದ" ಎಂದರು. ಮರುವರ್ಷ ಅವರು ಹೋದರು. ಆಮೇಲೆ ಹನ್ನೆರಡು ವರ್ಷ ನಮ್ಮ ಮನೆಯಲ್ಲಿ ತೊಟ್ಟಿಲು ಕಟ್ಟಲಿಲ್ಲ. ಆ ಹನ್ನೆರಡು ವರ್ಷವೂ ನನ್ನ ಸರದಿಗೆ ಕಾದಿದ್ದೆ. ಯಾರಿಗೂ ಹೇಳಿರಲಿಲ್ಲ. ಇಂಥದ್ದನ್ನು ಹೇಳಿಕೊಳ್ಳುವುದುಂಟೇ?

ಕೂಸು ಹುಟ್ಟಿದ ಮೂರನೇ ದಿನ ಬಾಣಂತಿ ಕೋಣೆಗೆ ಹೋದೆ. ಭಾಮಾ ಮಲಗಿದ್ದಳು. ಕೂಸು ಅಂಗೈಯಷ್ಟು ಮುಖ ಮಾಡಿಕೊಂಡು ಎಚ್ಚರ ಇತ್ತು. ಸರದಿಗೆ ಮುಂಚೆ ಕಳ್ಳತನದಿಂದ ಒಂದು ಸಲ ಮೂಸಿ ನೋಡೋಣ ಎಂದು ಬಗ್ಗಿದೆ. ಏನೂ ಇಲ್ಲ. ಅಂಗಳದ ಕಲ್ಲು ಮೂಸಿದ ಹಾಗೆ. ಹೊರಗೆ ಹೋಗಿ ಪಿಚಕಾರಿ ಒತ್ತಿಕೊಂಡು ಮತ್ತೆ ಬಂದು ಬಗ್ಗಿದೆ. ಈಗ ಗಾಳಿ ಸರಾಗ ಹೋಯಿತು, ಆದರೆ ಒಳಗೆ ಬಂದದ್ದು ಔಷಧದ್ದೇ ವಾಸನೆ. ಕೂಸು ನನ್ನ ಬಿಸಿ ಉಸಿರಿಗೆ ಮೂಗು ಸುಕ್ಕಿಸಿ ಸೀನಿತು. ಹೊರಗೆ ಬಂದು ಬಚ್ಚಲಿನ ಹಂಡೆಯ ಹಿಂದೆ ಕೂತು ಅತ್ತೆ.

ಅಲ್ಲಿ ನನ್ನನ್ನು ಹುಡುಕಿದವಳು ನೀನು. "ಯಾಕ ಅಜ್ಜಿ?" ಅಂದೆ. ಏನೂ ಇಲ್ಲ, ಕುಂಕುಮ ಕಣ್ಣಿಗೆ ಬಿತ್ತು ಎಂದು ಸುಳ್ಳು ಹೇಳಿದೆ. ಸುಳ್ಳು ಹೇಳಿದ್ದೇ ಒಳ್ಳೆಯದಾಯಿತು! ನೀನು ಕುಂಕುಮದ ಡಬ್ಬಿ ತೆಗೆದು ಚೆಲ್ಲಿದೆಯೇನು ಎಂದು ನೋಡಲಿಕ್ಕೆ ಹೋದೆ, ತಳದ ಕಾಗದ ಕೈಗೆ ಬಂತು. ಇಂಗ್ಲಿಷ್ ಮೂರನೇ ಇಯತ್ತೆಯ ನಿನ್ನ ವಿದ್ಯೆಯೆಲ್ಲ ಖರ್ಚು ಮಾಡಿ, ಒಂದೊಂದೇ ಅಕ್ಷರ ಕೂಡಿಸಿ, ಕೆಂಪಾದ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದೆ. ಆಮೇಲೆ ಬಂದು ಸೊಂಟಕ್ಕೆ ಕೈ ಇಟ್ಟು ನಿಂತೆ.

"ಅಜ್ಜಿ, ಇದರಾಗ ಕೆಲವ ದಿನ ಅಷ್ಟ ಅಂತ ಬರದದ. ಆಮ್ಯಾಲೆ ಡಾಕ್ಟರನ್ನ ಕೇಳ್ರಿ ಅಂತ ಅದ. ನೀ ಎಷ್ಟ ದಿನ ಆತು?"

"ಎಲ್ಲೋ ಒಂದ ವಾರ ಆಗಿರಬೇಕು."

"ದೀಪಾವಳಿಯಿಂದ ಒಂದ ವಾರಾ? ನಮ್ಮ ಸಾಲ್ಯಾಗ ಇಂಥಾ ಲೆಕ್ಕ ಮಾಡಿದ್ರ ಬೆಂಚಿನ ಮ್ಯಾಲೆ ನಿಲ್ಲಸ್ತಾರ!"

ಮರುದಿನ ನನ್ನನ್ನು ಕೈ ಹಿಡಿದು ಡಾಕ್ಟರ್ ಏಕನಾಥರಾಯರ ಹತ್ತಿರ ಎಳೆದುಕೊಂಡು ಹೋದವಳೂ ನೀನೇ. ಅವರು ಅಥಣಿ ಕಡೆಯವರು, ಕನ್ನಡದಲ್ಲಿ ಬೈಯಬಲ್ಲವರು ಪುಣೆಯಲ್ಲಿ ಅಪರೂಪ. ಎಲ್ಲ ಕೇಳಿ, ಮೂಗಿಗೆ ಕನ್ನಡಿಯ ಬೆಳಕು ಹಾಯಿಸಿ ನೋಡಿ, ಕುರ್ಚಿಗೆ ಒರಗಿ ನಕ್ಕರು.

"ಗೌರಾಬಾಯಾರ, ನಿಮ್ಮ ನೆಗಡಿ ಹೋಗಿ ತಿಂಗಳಾತ್ರಿ. ಈಗ ಮೂಗು ಕಟ್ಟಿರೂದು ಈ ಬಾಟಲಿನ. ಮೂಗಿನೊಳಗ ಬಾವು ಇರ್ತದ, ಔಷಧ ಅದನ್ನ ಹಿಂಡಿ ಸಣ್ಣ ಮಾಡ್ತದ. ಮೂರು ದಿನ ಹಿಂಡಿದ್ರ ಉಪಕಾರ. ಐದು ವಾರ ಹಿಂಡಿದ್ರ, ಔಷಧ ಇಳದ ಕೂಡ್ಲೆ ಬಾವು ಮೊದಲಿಗಿಂತ ದೊಡ್ಡದಾಗಿ ಏಳ್ತದ. ನೀವು ಮತ್ತ ಹಿಂಡ್ತೀರಿ. ಅದು ಮತ್ತ ಏಳ್ತದ. ಎದಿ ಬಡಕೋತದ ಅಂದ್ರಲ್ಲ, ಅದಕ್ಕೂ ಇದ ಕಾರಣ. ರಕ್ತದ ಒತ್ತಡ ಇದ್ದವರು, ಎದಿ ನೋವು ಇದ್ದವರು ನಮ್ಮನ್ನ ಕೇಳದ ಇದನ್ನ ಮುಟ್ಟಬಾರದು. ಸಣ್ಣ ಹುಡುಗರಿಗಂತೂ ಕೊಡಲೇಬಾರದು."

ಒಂದು ಬಾಟಲಿ ಎಷ್ಟು ಮೂಗಿಗೆ ಹೋಗಿತ್ತು ಎಂದು ನೀನು ಚಾಡಿ ಹೇಳಿದಾಗ ಮಾತ್ರ ಅವರು ನಗು ನಿಲ್ಲಿಸಿದರು. "ಲೋಟದ ಎಂಜಲು ನೋಡ್ತೀರಿ, ಮೂಗಿನ ಎಂಜಲು ಹಂಚಕೊಂಡು ತಿರಗ್ತೀರಿ! ಒಬ್ಬರಿಗೆ ಒಂದ ಬಾಟಲಿ. ಒತ್ತಿದ ಮ್ಯಾಲೆ ಮೂತಿ ಬಿಸಿನೀರಾಗ ತೊಳದು ಒರಸಬೇಕು." ತಲೆ ಹಿಂದೆ ಚೆಲ್ಲಿ ನಶ್ಯದ ಹಾಗೆ ಎಳೆಯುವುದೂ ತಪ್ಪಂತೆ. ತಲೆ ನೆಟ್ಟಗೆ ಇಟ್ಟು ಸ್ವಲ್ಪ ಮುಂದಕ್ಕೆ ಬಗ್ಗಿಸಬೇಕು, ಮೂತಿಯನ್ನು ನಡುವಿನ ಗೋಡೆಗೆ ಹಿಡಿಯದೆ ಕಿವಿಯ ಕಡೆ ವಾಲಿಸಬೇಕು, ಮೆಲ್ಲಗೆ ಉಸಿರು ತೆಗೆದುಕೊಳ್ಳಬೇಕು. ಮನೆಗೆ ಬಂದು ಇದನ್ನು ಹೇಳಿದಾಗ ನಿಮ್ಮಜ್ಜ ಎರಡು ದಿನ ನಮ್ಮಿಬ್ಬರ ಹತ್ತಿರ ಮಾತಾಡಲಿಲ್ಲ, ನಶ್ಯಕ್ಕೆ ಅವಮಾನವಾಯಿತು ಎಂದು.

ನಾನು ಡಾಕ್ಟರನ್ನು ಕೇಳಿದ್ದು ಒಂದೇ ಮಾತು: ಹನ್ನೆರಡನೇ ದಿನಕ್ಕೆ ನನಗೆ ವಾಸನೆ ಬರುತ್ತದೆಯೇ? ಯಾಕೆ ಎಂದು ಕೇಳಿದರು. ಹೇಳಿದೆ. ಅವರು ಬೆರಳು ಮಡಚಿ ಎಣಿಸಿದರು, ಉಳಿದದ್ದು ಎಂಟು ದಿನ. "ಎರಡೂ ಹೊಳ್ಳಿ ಒಮ್ಮೆಲೆ ಬಿಡಸಿದ್ರ ನೀವು ತಡಕೊಳ್ಳೂದಿಲ್ಲ. ಇವತ್ತಿಂದ ಎಡಕ್ಕ ಔಷಧ ಪೂರಾ ಬಂದ್. ಬಲಕ್ಕ ಮುಂಜಾನೆ ಒಂದು, ಮಲಗೂ ಮುಂದ ಒಂದು. ಎಡ ತೆರದ ಮ್ಯಾಲೆ ಬಲಾನೂ ಬಿಡಸೂಣು. ಎಡಕ್ಕ ಎಂಟು ದಿನ ಸಾಕಾಗಬಹುದು. ಸಾಕಾಗ್ತದ ಅಂತ ಮಾತು ಕೊಡೂದಿಲ್ಲ." ಕುದಿಸಿ ಆರಿಸಿದ ನೀರಿಗೆ ಚಿಟಿಕೆ ಉಪ್ಪು ಹಾಕಿ ಮೂಗು ತೊಳೆಯಲಿಕ್ಕೆ ಹೇಳಿದರು. ಎರಡು ದಿಂಬು ಇಟ್ಟು ತಲೆ ಎತ್ತರ ಮಾಡಿ ಮಲಗಲಿಕ್ಕೆ ಹೇಳಿದರು.

ಆ ಎಂಟು ದಿನ ಮನೆಯಲ್ಲಿ ನಡೆದದ್ದು ನಿನ್ನ ರಾಜ್ಯ. ಬಾಟಲಿ ನಿನ್ನ ಶಾಲೆಯ ಪೆಟ್ಟಿಗೆಯಲ್ಲಿ, ಬೀಗದ ಕೈ ನಿನ್ನ ಕೊರಳಲ್ಲಿ. ಹೊತ್ತು ಹೊತ್ತಿಗೆ ಬಂದು ಬಲ ಹೊಳ್ಳೆಗೆ ಒತ್ತಿ, ಎಡದ ಕಡೆ ಬೆರಳು ತೋರಿಸಿ "ನಿನಗ ರಜಾ" ಅನ್ನುತ್ತಿದ್ದೆ. ದಿನ ಮುಗಿದಾಗ ಅಡುಗೆಮನೆಯ ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ಒಂದು ಗೆರೆ. ನಾನು ಅರ್ಧ ಮೂಗಿನ ಹೆಂಗಸು, "ಮ" ಅನ್ನಲಿಕ್ಕೆ ಹೋದರೆ "ಬ" ಬರುತ್ತಿತ್ತು. ಭಾಮಾಳನ್ನು ಕರೆದರೆ "ಬಾ ಬಾ" ಎಂದು ಕೇಳಿಸಿ, ತನ್ನನ್ನೇ ಕರೆದೆನೆಂದು ನಿಮ್ಮಪ್ಪ ಓಡಿ ಬರುತ್ತಿದ್ದ. ನಿಮ್ಮಜ್ಜ ಮಾತು ಬಿಟ್ಟವರು ಅದನ್ನು ಕೇಳಿ ನಗು ತಡೆಯಲಾರದೆ ಮಾತಿಗೆ ಬಂದರು.

ಈಗ ನಿನಗೆ ಗೊತ್ತಿಲ್ಲದ ಸಂಗತಿ. ಆ ಎಂಟರಲ್ಲಿ ಮೂರನೇ ದಿನ ಮಧ್ಯಾಹ್ನ ನೀನು ಶಾಲೆಗೆ ಹೋಗಿದ್ದೆ. ಎಡ ಹೊಳ್ಳೆಗೆ ಗಾರೆ ಮೆತ್ತಿದ ಹಾಗೆ ಆಗಿತ್ತು, ತಲೆ ಸಿಡಿಯುತ್ತಿತ್ತು. ಹುಣಸೆಹಣ್ಣು ಕೇಳುವ ನೆವದಿಂದ ರಾಧಾಬಾಯಿಯ ಮನೆಗೆ ಹೋದೆ. ಅವಳು ಒಳಗೆ ಹೋದಾಗ ಗೂಡಿನಲ್ಲಿದ್ದ ಅವಳ ಪಿಚಕಾರಿ ತೆಗೆದು ಎಡ ಹೊಳ್ಳೆಗೆ ಒತ್ತಿಕೊಂಡೆ. ಹೌದು ಇಂದೂ. ಅವಳದೇ ಬಾಟಲಿ, ಎಂಜಲು ಮೂಗಿನದು, ಎಲ್ಲ ಗೊತ್ತಿದ್ದೂ. ಸಂಜೆ ನೀನು ಬಂದು "ಇವತ್ತೂ ಎಡಕ್ಕ ಮುಟ್ಟಿಲ್ಲಲಾ ಅಜ್ಜಿ?" ಎಂದು ಕೇಳಿದೆ. ಇಲ್ಲ ಎಂದೆ. ನೀನು ಖುಷಿಯಿಂದ ನನ್ನ ಕೊರಳಿಗೆ ಬಿದ್ದೆ, ಆಮೇಲೆ ಗೋಡೆಯ ಮೇಲೆ ಎಂದಿನದಕ್ಕಿಂತ ಉದ್ದನೆಯ ಗೆರೆ ಎಳೆದೆ. ಆ ಉದ್ದನೆಯ ಗೆರೆಯನ್ನು ಎದುರಿಗೆ ಇಟ್ಟುಕೊಂಡು ಮರುದಿನ ಅಡುಗೆ ಮಾಡಿದೆ ನೋಡು, ಅದಕ್ಕಿಂತ ದೊಡ್ಡ ಶಿಕ್ಷೆ ನನಗೆ ಯಾರೂ ಕೊಟ್ಟಿಲ್ಲ. ಒಬ್ಬಳೇ ಡಾಕ್ಟರ ಹತ್ತಿರ ಹೋಗಿ ತಪ್ಪು ಒಪ್ಪಿಕೊಂಡೆ. ಅವರು ಬೈಯಲಿಲ್ಲ. "ಎಡವಿದ್ದು ಒಂದ್ ಸಲ. ಅದಕ್ಕಂತ ಅಲ್ಲೇ ಕೂಡಬ್ಯಾಡ್ರಿ, ಇವತ್ತಿಂದ ಮತ್ತ ನಡೀರಿ" ಎಂದರು. ನಡೆದೆ. ಆಮೇಲೆ ಮುಟ್ಟಲಿಲ್ಲ. ಗೋಡೆಯ ಮೇಲಿನ ಎಂಟು ಗೆರೆಯಲ್ಲಿ ಒಂದು ಸುಳ್ಳು. ಗೋಡೆಗೆ ಎಷ್ಟೋ ಸಲ ಸುಣ್ಣ ಬಳಿದಿದ್ದಾರೆ. ಆ ಒಂದು ಗೆರೆಯನ್ನು ಇವತ್ತು ನಿನ್ನ ಕೈಗೆ ಒಪ್ಪಿಸಿದೆ. ಅಳಿಸಿಬಿಡು.

ಹನ್ನೊಂದನೇ ದಿನ ಬೆಳಿಗ್ಗೆ ನಿಮ್ಮಜ್ಜ ದಫ್ತರಿಗೆ ಹೊರಟು ನನ್ನ ಎದುರಿಗೆ ನಿಂತು ಕೋಟಿನ ಗುಂಡಿ ಹಾಕಿಸಿಕೊಳ್ಳುತ್ತಿದ್ದರು. ಒಮ್ಮೆಲೆ ಎಡ ಹೊಳ್ಳೆಯಲ್ಲಿ ಏನೋ ಕೀಲು ಸಡಿಲಿದ ಹಾಗಾಯಿತು. ನಶ್ಯ, ಬೆವರು, ಖಡಕಿಯ ಮಷಿನ್ ಎಣ್ಣೆ, ಮೂರು ತಿಂಗಳಿಂದ ತೊಳೆಯದ ಉಣ್ಣೆ, ಎಲ್ಲ ಕೂಡಿ ಸಿಡಿಲಿನ ಹಾಗೆ ಹೊಡೆಯಿತು. "ಅಯ್ಯ, ಏನ್ ನಾರ್ತೀರೀ ನೀವು!" ಎಂದು ಕೂಗಿದೆ. ನಲವತ್ತೈದು ವರ್ಷದ ಸಂಸಾರದಲ್ಲಿ ಅಂಥ ಮಾತನ್ನು ಅಷ್ಟು ಪ್ರೀತಿಯಿಂದ ನಾನು ಹೇಳಿದ್ದಿಲ್ಲ. ಅವರು ಗಾಬರಿಯಾಗಿ ಹಿಂದೆ ಸರಿದರು. ನಾನು ಕೋಟು ಹಿಡಿದೆಳೆದು ಮತ್ತೊಮ್ಮೆ ಮೂಸಿದೆ. ನೀನು ಅಡುಗೆಮನೆಯಿಂದ "ಬಂತೂ, ವಾಸನಿ ಬಂತೂ!" ಎಂದು ಕುಣಿಯುತ್ತ ಅಂಗಳಕ್ಕೆ ಹೋದೆ. ವಾಡೆಗೆಲ್ಲ ಗೊತ್ತಾಯಿತು, ನಿಮ್ಮಜ್ಜನ ಕೋಟಿನ ಕೀರ್ತಿಯೂ.

ಮರುದಿನ ತೊಟ್ಟಿಲು. ರಾಧಾಬಾಯಿ ಮುಂದಿನ ಸಾಲಿನಲ್ಲೇ ಕೂತಿದ್ದಳು. ಬಲ ಹೊಳ್ಳೆ ಇನ್ನೂ ಮುಚ್ಚಿತ್ತು, ಅದು ತೆರೆಯಲಿಕ್ಕೆ ಮತ್ತೆ ಹತ್ತು ದಿನ ಬೇಕಾಯಿತು. ಇದ್ದದ್ದು ಎಡ ಒಂದೇ. ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡೆ, ತಲೆ ಸ್ವಲ್ಪ ಬಲಕ್ಕೆ ವಾಲಿಸಿ ಎಡ ಹೊಳ್ಳೆಯನ್ನು ನೆತ್ತಿಯ ಮೆತ್ತನೆ ಜಾಗಕ್ಕೆ ತಂದೆ. ಮೆಲ್ಲಗೆ ಉಸಿರು ತೆಗೆದುಕೊಂಡೆ, ಡಾಕ್ಟರು ಕಲಿಸಿದ ಹಾಗೆ.

ಎಷ್ಟು ಹೊತ್ತು ಹಾಗೆ ಇದ್ದೆನೋ. ಹೆಂಗಸರು ಜೋಗುಳ ಸುರುಮಾಡಲೋ ಬೇಡವೋ ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರಂತೆ. ಕಡೆಗೆ ನಿಮ್ಮಜ್ಜ ಬಾಗಿಲಿನಿಂದ, "ಸಾಕು ಬಿಡು ಮಾರಾಯ್ತಿ, ಕೂಸಿನ ನೆತ್ತಿ ಪೂರಾ ನೀನ ಎಳಕೋತೀ ಏನು?" ಎಂದರು. ಎಲ್ಲರೂ ನಕ್ಕರು. ನಾನು ತಲೆ ಎತ್ತಿದೆ. ಅತ್ತೆ ಹೇಳಿದ್ದು ಸುಳ್ಳಲ್ಲ ಇಂದೂ. ಹರಕೆ ತಾನಾಗಿ ಹೊರಗೆ ಬಂತು. ನಾನು ಮಾತು ಹುಡುಕಬೇಕಾಗಲಿಲ್ಲ.

ಈಗ ನಿನ್ನ ಮಾತು. ಕಾಗದ ಬಂದ ಸಂಜೆಯೇ ಏಕನಾಥರಾಯರ ಹತ್ತಿರ ಹೋಗಿ ಬಂದೆ. ಬಸುರಿನಲ್ಲಿ ಎಷ್ಟೋ ಜನರಿಗೆ ಮೂಗು ತಾನಾಗಿ ಕಟ್ಟುತ್ತದಂತೆ, ಹೆರಿಗೆ ಆದಮೇಲೆ ತಾನಾಗಿ ಬಿಡುತ್ತದಂತೆ, ಹೆದರುವ ಕಾರಣವಿಲ್ಲ. ಆದರೆ ಬಸುರಿ ಹೆಂಗಸು ಡಾಕ್ಟರನ್ನು ಕೇಳದೆ ಈ ಔಷಧವನ್ನು ಒಂದು ಸಲವೂ ಒತ್ತಬಾರದು ಎಂದರು. ಹಳೇದೋ ಹೊಸದೋ ಎಂದೂ ಕೇಳಿದೆ, ನಿನ್ನ ಪರವಾಗಿ. "ಬಾಟಲಿ ಹೊಸದಿರಬಹುದು ಬಾಯಾರ, ಮೂಗು ಹಳೇದ ಅಲ್ಲೇನ್ರಿ?" ಎಂದು ನಕ್ಕರು. ಈ ಕಾಗದ ಮುಟ್ಟಿದ ಕೂಡಲೆ ನಿನ್ನ ಗಂಡ ಅವಧೂತರಾಯರನ್ನು ಕರೆದುಕೊಂಡು ಬೆಳಗಾವಿಯ ಹೆರಿಗೆ ಆಸ್ಪತ್ರೆಯ ಡಾಕ್ಟರ್ ಬಾಯಿಯ ಹತ್ತಿರ ಹೋಗು. ಇಪ್ಪತ್ತು ದಿನ, ತಾಸಿಗೊಮ್ಮೆ, ಎರಡನ್ನೂ ಮುಚ್ಚದೆ ಹೇಳು. ಹೇಗೆ ಬಿಡಬೇಕು ಎನ್ನುವುದನ್ನು ಅವರು ಹೇಳಲಿ. ನನ್ನ ಎಡ-ಬಲದ ಲೆಕ್ಕ ನನ್ನ ಮೂಗಿನದು, ನಿನಗೆ ಬೇರೆ ಇರಬಹುದು. ಅಲ್ಲಿಯ ತನಕ ಉಪ್ಪುನೀರು, ಎರಡು ದಿಂಬು. ಅವಧೂತರಾಯರನ್ನು ಬೈಯಬೇಡ. ಹೆಂಡತಿಯ ಉಸಿರಾಟ ಕೇಳಿ ಔಷಧದ ಅಂಗಡಿಗೆ ಓಡಿದ ಗಂಡ ಅವರು, ಇಂಥವರು ನಮ್ಮ ಮನೆಯಲ್ಲೂ ಒಬ್ಬರಿದ್ದಾರೆ. ಬಿಡುವಾಗ ಒಂದು ದಿನ ಎಡವಿದೆಯೋ, ಮುಚ್ಚಿಡಬೇಡ. ನನಗೆ ಬರೆ. ಎಡವಿದವರ ಸಂಘದಲ್ಲಿ ನಿಮ್ಮಜ್ಜಿಯೇ ಹಿರಿಯಳು.

ಮುಂದಿನ ತಿಂಗಳು ಕುಪ್ಪಸದ ಶಾಸ್ತ್ರಕ್ಕೆ ನಿಮ್ಮಪ್ಪ ಬಂದು ನಿನ್ನನ್ನು ರೈಲಿನಲ್ಲಿ ಕರೆದುಕೊಂಡು ಬರುತ್ತಾನೆ. ಹೆರಿಗೆಯ ಚೈತ್ರಕ್ಕೆ ಇನ್ನೂ ಎರಡು ತಿಂಗಳು ಮೇಲಿದೆ, ನಿನ್ನ ಮೂಗಿಗೆ ಬೇಕಾದಷ್ಟು ಹೊತ್ತು. ಅವಸರ ಯಾಕೆ ಮಾಡುತ್ತಿದ್ದೇನೆ ಎನ್ನುತ್ತೀಯಾ? ಹನ್ನೆರಡನೇ ದಿನದ ನೆತ್ತಿ ನನ್ನದು, ಪದ್ಧತಿಯ ಪ್ರಕಾರ, ಅದನ್ನು ಬಿಟ್ಟುಕೊಡುವವಳಲ್ಲ ನಾನು. ಆದರೆ ಅದಕ್ಕೆ ಮುಂಚಿನ ಹನ್ನೊಂದು ದಿನ ಆ ನೆತ್ತಿ ಪೂರಾ ನಿನ್ನದು. ಒಂದು ದಿನವನ್ನೂ ನೀನು ಕಳೆದುಕೊಳ್ಳಬಾರದು.

ಬಾಳಕೃಷ್ಣನ ನೆತ್ತಿಯಲ್ಲಿ ಏನು ವಾಸನೆ ಇತ್ತು ಎಂದು ಆ ದಿನ ನೀನು ಎಷ್ಟು ಕಾಡಿದೆ! ಹಾಲೇ, ತುಪ್ಪವೇ, ಸಾಂಬ್ರಾಣಿಯೇ ಎಂದು ಒಂದೊಂದೇ ಹೆಸರು ಹೇಳಿ ಪರೀಕ್ಷೆ ಮಾಡಿದೆ. ನಾನು ಯಾವುದಕ್ಕೂ ತಲೆ ಆಡಿಸಲಿಲ್ಲ. ಇವತ್ತೂ ಹೇಳುವುದಿಲ್ಲ. ಚೈತ್ರದಲ್ಲಿ ನೀನೇ ಬಗ್ಗಿ ನೋಡು. ಆಮೇಲೆ ಅಡುಗೆಮನೆಯಲ್ಲಿ ನಾವಿಬ್ಬರೂ ಕಣ್ಣು ಮುಚ್ಚಿ ಎದುರು ಬದುರು ಕೂತು, ಇಬ್ಬರಿಗೂ ಬಂದದ್ದು ಒಂದೇ ವಾಸನೆಯೋ ಏನೋ ಎಂದು ಹೇಳಿಕೊಳ್ಳೋಣ.

ನಿಮ್ಮಜ್ಜ ಪಂಢರಿನಾಥರಾಯರು ಪಕ್ಕದಲ್ಲಿ ನಿಂತು, ಕೋಟು ಒಗೆಸಿದ್ದೇನೆ ಎಂದು ಬರಿ ಅನ್ನುತ್ತಿದ್ದಾರೆ. ಬರೆದೆ.

ನಿನ್ನ ಉಸಿರು ಸರಾಗವಾಗಲಿ, ನಿನ್ನ ಮಡಿಲು ಬೆಚ್ಚಗಿರಲಿ, ನಿನ್ನ ಕೂಸಿನ ನೆತ್ತಿ ನೂರು ವರ್ಷ ಘಮಘಮಿಸಲಿ.

ಎರಡೂ ಹೊಳ್ಳೆ ತೆರೆದುಕೊಂಡು ನಿನ್ನ ದಾರಿ ಕಾಯುವ,
ನಿನ್ನ ಅಜ್ಜಿ
ಗೌರಾಬಾಯಿ